ಗಾಳಿಗೆ ದಾರ ಕಟ್ಟಿದ ಮಾವ

ನನ್ನ ಸೋದರಮಾವನಿಗೆ ಮನುಷ್ಯರಿಗಿಂತ ಗಾಳಿಯ ಪರಿಚಯವೇ ಹೆಚ್ಚು. ಕೃಷ್ಣಮೂರ್ತಿಪುರಂನ ಅವರ ಮನೆಗೆ ಹೋದರೆ, ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲೇ "ಬಾಗಿಲಿಗೆ ಅಡ್ಡ ನಿಂತ್ಕೋಬೇಡ, ಗಾಳಿ ಬರ್ಬೇಕು" ಎನ್ನುತ್ತಾರೆ. ಕಿಟಕಿ, ಫ್ಯಾನು, ದೇವರಮನೆಯ ಬಾಗಿಲು, ಎಲ್ಲಕ್ಕೂ ಗೇಣುದ್ದ ಹೂ ಕಟ್ಟುವ ದಾರ ಇಳಿಬಿಟ್ಟಿದ್ದಾರೆ. ದಾರ ಯಾವ ಕಡೆ ವಾಲುತ್ತದೋ ಗಾಳಿ ಆ ಕಡೆ! ಮಲ್ಲಿಗೆ ಮೊಗ್ಗು ಮುಂದಿಟ್ಟುಕೊಂಡು ಅತ್ತೆ ದಾರ ಹುಡುಕುವುದು ಅಲ್ಲಿ ದಿನಾ ಇದ್ದದ್ದೇ.

ತಪ್ಪು ಅವರದಲ್ಲ, ನೌಕರಿಯದು. ಊರಾಚೆಯ ಎಣ್ಣೆ ಕಾರ್ಖಾನೆಯಲ್ಲಿ ಏರ್ ಕೂಲರ್ ನೋಡಿಕೊಂಡೇ ನಿವೃತ್ತರಾದವರು. ಮನೆಯ ಕೂಲರ್ ಅಲ್ಲ, ಕಲ್ಯಾಣಮಂಟಪದಷ್ಟು ದೊಡ್ಡದು. ಅದೇನು ಮಾಡುತ್ತದೆ ಎಂದು ಒಮ್ಮೆ ಕೇಳಿಬಿಟ್ಟೆ, ಗ್ರಹಚಾರ! ಮಾವ ನನ್ನ ಕಾಫಿ ಕಿತ್ತುಕೊಂಡು ತಟ್ಟೆಗೆ ಸುರಿದರು.

"ಹರಡಿದ್ರೆ ಬೇಗ ಆರುತ್ತೆ. ಅಲ್ಲೂ ಅಷ್ಟೇ ಕಣೇ. ಬಿಸಿ ಎಣ್ಣೆ ಸಾಲು ಸಾಲು ಕೊಳವೇಲಿ ಹರಿಯುತ್ತೆ. ಕೊಳವೆ ಮೈತುಂಬಾ ತೆಳ್ಳನೆ ಅಲ್ಯೂಮಿನಿಯಂ ರೆಕ್ಕೆ, ಶಾಖ ಹರಡೋಕೆ. ಕೆಳಗಿಂದ ಫ್ಯಾನು ಗಾಳಿ ನೂಕುತ್ತೆ, ಗಾಳಿ ಶಾಖ ಹೊತ್ಕೊಂಡು ಮೇಲೆ ಹೋಗ್ಬುಡುತ್ತೆ. ಒಂದು ತೊಟ್ಟು ನೀರು ಬೇಡ."

"ಪಾಠ ಮುಗೀತಾ? ಕಾಫಿ ತಣ್ಣಗಾಗೋಯ್ತು ಕಣ್ರೀ," ಎಂದರು ಅತ್ತೆ.

"ನೋಡಿದ್ಯಾ, ಹೆಂಗೆ ಕೆಲಸ ಮಾಡ್ತು," ಎಂದರು ಮಾವ.

ಕಳೆದ ಬೇಸಿಗೆಯಲ್ಲಿ ಆ ಕೂಲರ್ ಎಣ್ಣೆಯನ್ನು ಸರಿಯಾಗಿ ತಣಿಸದಾಯಿತು. ವಯಸ್ಸಾಯಿತು, ಗುಜರಿಗೆ ಹಾಕುತ್ತಾರಂತೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಮಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಅತ್ತೆಯ ದಾರದ ಉಂಡೆ ಜೇಬಿಗಿಳಿಸಿ, ನನಗೆ "ಕಾರು ತೆಗಿ" ಎಂದರು.

ಕಾರ್ಖಾನೆಯ ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ಏನೇನೋ ತೋರಿಸಿದರು. ಮಾವ ಉದ್ದನೆಯ ಕೋಲಿಗೆ ದಾರ ಕಟ್ಟಿ ಕೂಲರಿಗೆ ಪ್ರದಕ್ಷಿಣೆ ಹಾಕತೊಡಗಿದರು. ಸೆಕ್ಯೂರಿಟಿಯವರು ಮುಸಿಮುಸಿ ನಕ್ಕರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ, ಪಕ್ಕದ ಹೊಸ ತಗಡಿನ ಗೋಡೆಯ ಹತ್ತಿರ ದಾರ ಯಾರೋ ಮೇಲಿಂದ ನೂಕಿದಂತೆ ಓರೆಯಾಗಿ ಕೆಳಗಿನ ಫ್ಯಾನಿನ ಕಡೆಗೆ ವಾಲಿತು.

"ಈ ಗೋಡೆ ಯಾವಾಗ ಬಂತು ಸಾರ್?"

"ಹೋದ ವರ್ಷ."

"ತಣ್ಣನೆ ಗಾಳಿಗೆ ಅಡ್ಡ ನಿಂತಿದೆ. ಫ್ಯಾನು ಪಾಪ, ತಾನೇ ಬಿಟ್ಟ ಬಿಸಿಗಾಳೀನ ಮೇಲಿಂದ ವಾಪಸ್ ಎಳ್ಕೊಳ್ತಿದೆ. ಬಿಸಿಗಾಳಿ ಎಣ್ಣೆನ ಹೆಂಗೆ ತಣಿಸುತ್ತೆ?"

ತಗಡು ಬಿಚ್ಚಿದರು. ಎಣ್ಣೆ ಮೊದಲಿನಂತೆ ತಣ್ಣಗಾಯಿತು! ಗುಜರಿಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ವಾರದೊಳಗೆ ಮಾವನಿಗೆ ಮೈಸೂರು ಪೇಟ, ಶಾಲು, ಸನ್ಮಾನ. ನಕ್ಕಿದ್ದ ಸೆಕ್ಯೂರಿಟಿಯವರದೇ ಜೋರು ಚಪ್ಪಾಳೆ. ನನಗಂತೂ ನಾನೇ ಕಂಡುಹಿಡಿದಷ್ಟು ಜಂಬ.

"ಇನ್ನೇನು ಬೇಕು ಹೇಳಿ ಸಾರ್," ಎಂದರು ಮ್ಯಾನೇಜರ್.

"ಒಂದ್ಸಲ ಮೇಲೆ ಹತ್ಬೇಕು."

ಮಂಡಿನೋವಿನ ಮಾವನನ್ನು ಕೈಹಿಡಿದು ಕೂಲರಿನ ಮೆಟ್ಟಿಲು ಹತ್ತಿಸಿದೆ. ಮೇಲೆ ಕಿವಿ ಗಡಚಿಕ್ಕುವ ಸದ್ದು. ಮಾವ ಕಂಬಿ ಹಿಡಿದು ಒಮ್ಮೆ ಕೆಳಗೆ ಇಣುಕಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನೀನು ಹುಟ್ಟಿದ ಸುದ್ದಿ ನಂಗೆ ಬಂದಿದ್ದು ಇಲ್ಲೇ ಕಣೇ. ಕೆಳಗಿಂದ ಕೂಗಿ ಹೇಳಿದ್ರು. ಸದ್ದಲ್ಲಿ ಕೇಳ್ತಿಲ್ಲ ಅಂತ ಮೂರು ಸಲ ಕೂಗಿಸ್ದೆ."

"ಎರಡು ಸಲ ಕೂಗಿದ್ರೂ ಕೇಳಿಸ್ಲಿಲ್ವಾ ಮಾವ?"

"ಮೊದಲನೇ ಸಲಕ್ಕೇ ಕೇಳಿಸಿತ್ತು."