ಹದಿನಾಲ್ಕು ಸಲ ಯುರೋಪ್ ಗೆದ್ದಾಕಿ ಮತ್ತ ಒಂದು ಹುಣಸಿ ಗಿಡ

ನಮ್ಮ ಅತ್ತಿ ಇಲ್ಲಿತನಕ ಹದಿನಾಲ್ಕು ಸಲ ಯುರೋಪ್ ಗೆದ್ದಾಳ. ಸುಳ್ಳಲ್ಲರಿ, ನಾ ಕಣ್ಣಾರೆ ನೋಡೇನಿ. ಒಮ್ಮೆ ಪೋಲಂಡ್ ಕಡಿಂದ, ಎರಡು ಸಲ ಆಸ್ಟ್ರಿಯಾ ಕಡಿಂದ, ಒಮ್ಮೆ ಅಂತೂ ನಕಾಶಿದಾಗ ಭೂತಗನ್ನಡಿ ಹಿಡದು ಹುಡುಕಬೇಕಾದ ಯಾವುದೋ ಸಣ್ಣ ರಾಜ್ಯದ ಕಡಿಂದ. ಆದ್ರ ಆಕಿ ಕೈಲೆ ಗೆಲ್ಲಾಕ ಆಗಲಾರದ್ದು ಒಂದು ಐತಿ: ನಮ್ಮೂರು ಕಳ್ಳಕವಟಗಿಯ ಹೊಲದಾಗಿನ ಹುಣಸಿ ಗಿಡ. ಆ ಗಿಡದ ಸಲುವಾಗಿ ಆಕಿ ಮತ್ತ ಆಕಿ ಅಣ್ಣ, ಅಂದ್ರ ನಮ್ಮಪ್ಪ, ನಾಕು ವರ್ಷ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ.

ಅತ್ತಿ ಯಾರು ಅಂತ ಮೊದಲ ಹೇಳಿಬಿಡತೇನಿ. ಮೂವತ್ತು ವರ್ಷ ಹೈಸ್ಕೂಲಿನ್ಯಾಗ ಭೂಗೋಳ ಕಲಿಸಿ ನಿವೃತ್ತಿ ಆದಾಕಿ. ಲಗ್ನ ಆಗಲಿಲ್ಲ. ಯಾಕಂತ ಕೇಳಿದ್ರ "ಬಂದ ಕರಾರು ಯಾವೂ ಸರಿ ಇರಲಿಲ್ಲ" ಅಂತಾಳ. ವಿಜಯಪುರದ ಬಾಜೂಕಿನ ತೊರವಿಯೊಳಗ ಎರಡು ಖೋಲಿ ಮನಿ ಕಟ್ಟಿಸಿಕೊಂಡು ಒಬ್ಬಾಕಿನ ಇರತಾಳ. ನಿವೃತ್ತಿ ಆದ ಮ್ಯಾಲೆ ಆಕಿ ಜೋಡಿ ಟೀಚರ್‌ಗಳು ಭಜನಿ ಮಂಡಳಿ ಸೇರಿದ್ರು, ತೀರ್ಥಯಾತ್ರಾಕ್ಕ ಹೋದ್ರು. ಈಕಿ ಒಂದು ಕಂಪ್ಯೂಟರ್ ತಗೊಂಡು ಯುರೋಪಿಗೆ ಹೋದ್ಲು. "ಮೂವತ್ತು ವರ್ಷ ಹಲಗಿ ಮ್ಯಾಲೆ ನಕಾಶಿ ತಗದೇನಿ, ಒಂದು ದೇಶನೂ ನನ್ನ ಮಾತು ಕೇಳಲಿಲ್ಲ. ಈಗ ಕೇಳತಾವ," ಅಂತ ಆಕಿ ಸಮಾಧಾನ. ನಾನು ವಿಜಯಪುರದ ಒಂದು ಕಾಲೇಜಿನ್ಯಾಗ ಲೈಬ್ರರಿ ನೋಡಕೋತೇನಿ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಅತ್ತಿ ಮನಿಗೆ ಹೋಗಿ, ಊಟ ಮಾಡಿ, ಆ ವಾರ ಯಾವ ದೇಶ ಬಿತ್ತು ಅಂತ ಕೇಳಿಕೊಂಡು ಬರೋದು ನನ್ನ ರೂಢಿ.

ಆಕಿ ಆಡೋದು ಕಂಪ್ಯೂಟರಿನ್ಯಾಗಿನ ನಕಾಶಿ ಆಟ. ಒಂದು ರಾಜ್ಯ ತಗೋಬೇಕು, ನಾಕುನೂರು ವರ್ಷ ಆಳಬೇಕು. ದೂತರನ್ನ ಕಳಸಬೇಕು, ಸಂಧಿ ಮಾಡಬೇಕು, ಬ್ಯಾಸರಾದಾಗ ಸಂಧಿ ಮುರೀಬೇಕು. ಪರದೇಶದ ಹೆಸರು ಬಾಯಾಗ ಹೊಳ್ಳಂಗಿಲ್ಲ ಅಂತ ಅತ್ತಿ ಅಲ್ಲಿನ ಊರಿಗೆಲ್ಲ ನಮ್ಮ ಕಡಿ ಹೆಸರು ಇಟ್ಟಾಳ. ವಿಯೆನ್ನಾ ಆಕಿ ಆಟದಾಗ ತಿಕೋಟಾ. ಬರ್ಲಿನ್ ಬಬಲೇಶ್ವರ. ಒಂದು ಶನಿವಾರ ನಾ ಹೋದಾಗ ಹಾಲು ಕೊಡಾಕ ಬಂದಾಕಿ ಬಾಗಿಲದಾಗ ಗಾಬರಿಯಾಗಿ ನಿಂತಿದ್ಲು. ಒಳಗ ಅತ್ತಿ ತನ್ನಷ್ಟಕ್ಕ ತಾನ, "ಬಬಲೇಶ್ವರದಾಗ ಪ್ಲೇಗ್ ಬಂದೈತಿ, ತಿಕೋಟಾದವರು ದಂಗೆ ಎದ್ದಾರ, ಜೈನಾಪುರ ಪೂರಾ ಸುಟ್ಟು ಹೋತು, ಹೋಗ್ಲಿ ಬಿಡು," ಅನ್ನಾಕತ್ತಿದ್ಲು. ಹಾಲಿನಾಕಿ ತವರುಮನಿ ಜೈನಾಪುರ. ಪಾಪ, ಅಲ್ಲೇ ನಿಂತು ತಮ್ಮಗ ಫೋನ್ ಹಚ್ಚಿದ್ಲು.

ಊರು ಕಟ್ಟೋ ಆಟದ ಬಗ್ಗೆ ಆಕಿ ಅಭಿಪ್ರಾಯ ಚಲೋ ಇಲ್ಲ. ಒಮ್ಮೆ ಅದರಾಗ ವಿಜಯಪುರನ ಕಟ್ಟಿದ್ಲು. ರಸ್ತಾ, ಗಟಾರ, ಬಸ್ ಸ್ಟ್ಯಾಂಡ್ ಎಲ್ಲಾ ಬರೋಬ್ಬರಿ. ಮಂದಿ ಬಂದು ತುಂಬಿದ್ರು. ಎರಡು ತಾಸಿನ್ಯಾಗ ಮನಿಮನಿ ಮ್ಯಾಲೂ ಕೆಂಪು ಗುರ್ತು ಎದ್ದವು; ನೀರಿನ ಒತ್ತಡ ಕಮ್ಮಿ ಅಂತ ತಕರಾರು. "ಇವರಿಗೆ ದಿನಾ ನೀರು ಬರತಾವು," ಅಂದ್ಲು ಅತ್ತಿ, "ದಿನಾ ನೀರು ಬಂದ್ರೂ ತಕರಾರು ಮಾಡೋ ಮಂದಿ ಎಲ್ಲಿ ಅದಾರ? ಇದನ್ನ ಮಾಡಿದವರು ನಮ್ಮೂರು ನೋಡಿಲ್ಲ." ಅವತ್ತ ಆ ಊರು ಅಳಿಸಿ ಹಾಕಿದ್ಲು. ಹೊಲ ಮಾಡೋ ಆಟಕ್ಕಂತೂ ಹತ್ತು ನಿಮಿಷನೂ ಕೊಡಲಿಲ್ಲ. ಜೋಳ ಬಿತ್ತಿದ್ಲು, ಜೋಳ ಬಂತು. "ಹಕ್ಕಿ ಎಲ್ಲೆವ? ಹಂದಿ ಎಲ್ಲೆವ? ಬಾಜೂ ಹೊಲದವ ಬದು ಒತ್ತಾಕ ಬರಲಿಲ್ಲ ಯಾಕ?" ಅಂತ ಕಂಪ್ಯೂಟರಿಗೆ ಕೇಳಿದ್ಲು.

ಖರೇ ಯುರೋಪಿನ ರಾಜಕಾರಣದ ಮ್ಯಾಲೂ ಆಕಿ ಹಿಡಿತ ಇಷ್ಟ ಗಟ್ಟಿ. ಪೇಪರಿನ್ಯಾಗ ನಮ್ಮ ಜಿಲ್ಲಾದ ಪುಟ ಬಿಟ್ಟು ಮೊದಲ ಪರದೇಶದ ಸುದ್ದಿ ತಗೀತಾಳ. ಒಕ್ಕೂಟ ಬಿಟ್ಟು ಹೋದ ಬ್ರಿಟನ್ ಅಂದ್ರ ಆಕಿಗೆ ಬ್ಯಾರಿ ಆದ ಮಗ. "ಬ್ಯಾರಿ ಒಲಿ ಹೂಡ್ಯಾನ, ಮಜ್ಜಿಗಿಗೆ ಮಾತ್ರ ಹಳೇ ಮನಿಗೆ ಚರಗಿ ಹಿಡಕೊಂಡು ಬರತಾನ." ಬೆಲ್ಜಿಯಂ ಮ್ಯಾಲೆ ಆಕಿಗೆ ಗೌರವ. "ಅಲ್ಲಿ ತಿಂಗಳಾನುಗಟ್ಟಲೆ ಸರಕಾರ ಇಲ್ಲದನ ಎಲ್ಲಾ ನಡೀತೈತಿ. ನಮ್ಮ ಓಣಿ ಗಣಪತಿ ಕಮಿಟಿದವರು ಹೋಗಿ ನೋಡಿ ಬರಬೇಕು."

ಒಮ್ಮೆ ಓಣ್ಯಾಗಿನವರು ಮಗಳಿಗೆ ಬಬಲೇಶ್ವರ ಕಡಿ ಒಂದು ವರ ನೋಡಿ, ಮನೆತನ ಹೆಂಗ ಅಂತ ಅತ್ತಿಗೆ ಕೇಳಾಕ ಬಂದ್ರು. ಅತ್ತಿಗೆ ಆ ಕಡಿ ಎಲ್ಲಾರೂ ಗೊತ್ತು, ಅರ್ಧ ಊರು ಆಕಿ ಶಿಷ್ಯರು. "ಆಸ್ಟ್ರಿಯಾದ ಅರಸರು ಇದ್ದಂಗ ನೋಡ್ರಿ," ಅಂದ್ಲು. ಅವರಿಗೆ ಭಾಳ ಖುಷಿ ಆತು. "ಲಡಾಯಿ ಮಾಡಂಗಿಲ್ಲ. ಬರೇ ಲಗ್ನ ಮಾಡಕೋತ ಹೊಲ ಕೂಡಸತಾರ," ಅಂತ ಮುಂದುವರಿಸಿದ್ಲು. ಲಗ್ನ ಆತು, ಹುಡುಗಿ ಸುಖವಾಗಿ ಅದಾಳ. ಅತ್ತಿಗೆ ಮಾತ್ರ ಲಗ್ನಪತ್ರಿಕಾ ಬರಲಿಲ್ಲ.

ಇನ್ನ ಹುಣಸಿ ಗಿಡಕ್ಕ ಬರತೇನಿ. ಅಜ್ಜ ತೀರಿಕೊಂಡ ಮ್ಯಾಲೆ ಹೊಲ ಪಾಲಾತು. ತಂಗಿಗೂ ಪಾಲು ಕೊಡಬೇಕು ಅಂತ ಮೊದಲ ಬಾಯಿ ಬಿಟ್ಟಾವ ನಮ್ಮಪ್ಪನ. ಗಡಿಗೆ ಕಲ್ಲು ಹಾಕೋಣು ಅಂದ್ರ ಅತ್ತಿ ಒಪ್ಪಲಿಲ್ಲ. "ಕಲ್ಲು ಯಾರರೆ ಕಿತ್ತಿಡತಾರ. ಯುರೋಪ್ ನೋಡು ಅಣ್ಣಾ, ನದಿ ಗಡಿ ಇದ್ದಲ್ಲಿ ತಂಟೆ ಕಮ್ಮಿ. ನಡುವಿನ ಹಳ್ಳನ ಗಡಿ ಇರ್ಲಿ. ಈ ದಂಡಿ ನಂದು, ಆ ದಂಡಿ ನಿಂದು." ಅಪ್ಪ ಕಳ್ಳಕವಟಗಿಯೊಳಗ ಇದ್ದು ದ್ರಾಕ್ಷಿ ಬೆಳೆಯೋ ಮನುಷ್ಯ. ಯುರೋಪ್ ಅಂದ್ರ ಅವಗ ಒಣದ್ರಾಕ್ಷಿ ಹೋಗೋ ಊರು, ಅಷ್ಟ. ಓದಿದಾಕಿ ಹೇಳತಾಳ ಅಂತ ಹೂಂ ಅಂದ.

ಎರಡು ವರ್ಷ ಚಂದ ನಡೀತು. ಮೂರನೇ ವರ್ಷ ದೊಡ್ಡ ಮಳಿ ಹೊಡೀತು. ಹಳ್ಳ ತುಂಬಿ ಬಂದು, ಇಳಿದ ಮ್ಯಾಲೆ ನೋಡಿದ್ರ ದಾರಿನ ಬದಲಿಸಿತ್ತು. ಅತ್ತಿ ದಂಡ್ಯಾಗಿದ್ದ ಹುಣಸಿ ಗಿಡ, ಇದ್ದಲ್ಲೇ ಇದ್ದು ಅಪ್ಪನ ದಂಡಿಗೆ ಬಂದಿತ್ತು. ಗಡಿ ಹಳ್ಳ ಮೊದಲ ಇದ್ದಲ್ಲಿ ಅಂತ ಅತ್ತಿ. ಈಗ ಇದ್ದಲ್ಲಿ ಅಂತ ಅಪ್ಪ. "ಹಳ್ಳನ ಗಡಿ ಅಂತ ನೀನ ಹೇಳಿದೆಲ್ಲ?" ಆ ವರ್ಷ ಅಪ್ಪ ಆಳು ಹಚ್ಚಿ ಗಿಡ ಬಡಿಸಿ ಹುಣಸಿಹಣ್ಣು ಮನಿಗೆ ತಂದ.

"ಇದು ಆಕ್ರಮಣ," ಅಂದ್ಲು ಅತ್ತಿ.

"ಇದು ಹುಣಸಿಹಣ್ಣು," ಅಂದ ಅಪ್ಪ.

ಅಲ್ಲಿಗೆ ಮಾತು ನಿಂತವು. ಹುಣಸಿಹಣ್ಣು ಪ್ಯಾಟ್ಯಾಗ ಸಿಗಂಗಿಲ್ಲೇನು? ಸಿಗತೈತಿ. ಆದ್ರ ಅದು ಇಬ್ಬರೂ ಸಣ್ಣಾವರಿದ್ದಾಗ ಹತ್ತಿದ ಗಿಡ. ಅತ್ತಿ ಅದರ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಾಗ ಅಪ್ಪನ ಆಕಿನ್ನ ಹೆಗಲ ಮ್ಯಾಲೆ ಹೊತಗೊಂಡು ಮನಿಗೆ ತಂದಿದ್ದನಂತ.

ನಮ್ಮ ಕಡಿ ದಸರಾಕ್ಕ ಬನ್ನಿ ಕೊಡತಾರ, ಗೊತ್ತಲ್ಲ? ಬನ್ನಿ ಎಲಿ ಕೈಯಾಗ ಇಟ್ಟು "ಬಂಗಾರದಂಗ ಇರೋಣು" ಅಂದ್ರ ಎಂಥಾ ಜಗಳ ಆಡಿದವರೂ ಮಾತಾಡಬೇಕು. ಯುರೋಪಿನ್ಯಾಗ ಇದಕ್ಕ ದೊಡ್ಡ ಅರಮನಿ, ನೂರು ಮಂದಿ ವಕೀಲರು ಬೇಕು. ನಮಗ ಎರಡು ಎಲಿ ಸಾಕು. ಒಂದ ಕರಾರು: ಸಣ್ಣವರು ದೊಡ್ಡವರ ಮನಿಗೆ ಹೋಗಿ ಕೊಡಬೇಕು. "ನಾ ದೊಡ್ಡಾವ, ಆಕಿ ಬರಲಿ," ಅಂದ ಅಪ್ಪ. "ಮೊದಲ ದೂತನ್ನ ಕಳಿಸಿದವರು ಸೋತಂಗ. ನಾ ಸೋತಿಲ್ಲ," ಅಂದ್ಲು ಅತ್ತಿ. ಹಿಂಗ ಮೂರು ದಸರಾ ಹೋದವು.

ನಾ ಮಾತ್ರ ಎರಡೂ ಕಡಿ ಓಡಾಡತಿದ್ದೆ. "ತೊರವಿ ಕಡಿ ಮಳಿ ಹೆಂಗೈತಿ?" ಅಂತ ಅಪ್ಪ ಕೇಳತಿದ್ದ. ತೊರವಿ ಮಳಿ ತಗೊಂಡು ಅವ ಏನು ಮಾಡತಿದ್ದ? "ದ್ರಾಕ್ಷಿಗೆ ರೋಗ ಬಿದ್ದೈತಂತಲ್ಲ?" ಅಂತ ಅತ್ತಿ. ನನಗ ಇಬ್ಬರ ಮ್ಯಾಲೂ ಸಿಟ್ಟು ಬರತಿತ್ತು. ಅರವತ್ತು ದಾಟಿದವರು ಹಿಂಗ ಹಟ ಹಿಡದು ಕುಂತ್ರ, ಇನ್ನೆಷ್ಟು ದಸರಾ ಅದಾವಂತ ತಿಳಕೊಂಡಾರ ಅಂತ ಒಳಗ ಹೆದರಿಕಿನೂ ಆಗತಿತ್ತು.

ನಾಕನೇ ದಸರಾದ ಮುಂದ ಅತ್ತಿ ಕಣ್ಣಿನ ಪೊರಿ ಆಪರೇಷನ್ ಆತು. ಕಣ್ಣಿಗೆ ನೀರು ತಾಗಿಸಬ್ಯಾಡ್ರಿ, ಬಗ್ಗಬ್ಯಾಡ್ರಿ, ಹನಿ ಹಾಕಿದ ಮ್ಯಾಲೆ ಹತ್ತು ನಿಮಿಷ ಕಣ್ಣು ತೆರೀಬ್ಯಾಡ್ರಿ, ಕಂಪ್ಯೂಟರ್ ಅಂತೂ ಬ್ಯಾಡ ಅಂದ್ರು ಡಾಕ್ಟರ್. ಉಳಿದದ್ದಕ್ಕೆಲ್ಲ ಹೂಂ ಅಂದ್ಲು. "ಅಷ್ಟು ದಿವಸ ಯುರೋಪ್ ಯಾರು ನೋಡಕೋತಾರ?" ಅಂತ ಅವರನ್ನ ಕೇಳಿದ್ಲು. ಡಾಕ್ಟರ್ ನನ್ನ ಮಾರಿ ನೋಡಿದ್ರು.

ದಸರಾ ಸೂಟಿ ಇತ್ತು. ಅತ್ತಿ ಕರಿ ಕನ್ನಡಕ ಹಾಕ್ಕೊಂಡು ಆರಾಮ ಖುರ್ಚಿಯೊಳಗ ಕುಂತು ಹೇಳತಿದ್ಲು, ನಾ ಮೌಸ್ ಹಿಡದು ರಾಜ್ಯಭಾರ ಮಾಡತಿದ್ದೆ. ಮೊದಲನೇ ದಿವಸನ ಬಬಲೇಶ್ವರ ಕಳಕೊಂಡೆ. ಎರಡನೇ ದಿವಸ ಒಂದು ವಿಚಿತ್ರ ನೋಡಿದೆ. ಆಲ್ಪ್ಸ್ ಗುಡ್ಡದ ಸಂದ್ಯಾಗ ಒಂದು ಸಣ್ಣ ರಾಜ್ಯ, ಸುತ್ತಲೂ ಅತ್ತಿ ಸೈನ್ಯ, ನಡುವ ಅದೊಂದು ಹಂಗ ಉಳದಿತ್ತು. ಅದಕ್ಕ ಅತ್ತಿ ಇಟ್ಟ ಹೆಸರು ಕಳ್ಳಕವಟಗಿ.

"ಅತ್ತಿ, ಇದನ್ನ ತಗೊಂಡುಬಿಡ್ಲೇನು? ಐದು ನಿಮಿಷದ ಕೆಲಸ."

"ಅದಕ್ಕ ಕೈ ಹಚ್ಚಬ್ಯಾಡ. ಧಾನ್ಯ ಕಳಸು."

ಕಳಿಸಿದೆ. ಅವರು ತಿರುಗಿ ಕಳಿಸಿದ್ರು. "ತಗೊಳ್ಳವಲ್ರು."

"ಗೊತ್ತೈತಿ. ವರ್ಷಾ ಕಳಸತೇನಿ, ವರ್ಷಾ ಬ್ಯಾಡ ಅಂತಾರ. ನೀ ಕಳಸು."

ಅವತ್ತ ಅಪ್ಪಗ ಫೋನ್ ಮಾಡಿ ಆಪರೇಷನ್ ಸುದ್ದಿ ಹೇಳಿದೆ. "ಯಾವ ಕಣ್ಣು?" ಅಂದ. ಬಲಗಣ್ಣು ಅಂದೆ. ಅಷ್ಟ ಕೇಳಿ ಫೋನ್ ಇಟ್ಟ.

ದಸರಾದ ದಿವಸ ಸಂಜಿಮುಂದ ಅತ್ತಿ ಕಣ್ಣಿಗೆ ಹನಿ ಹಾಕಿ ಎರಡೂ ಕಣ್ಣು ಮುಚ್ಚಿಸಿದ್ದೆ, ಬಾಗಿಲದಾಗ ಅಪ್ಪ ಬಂದು ನಿಂತ. ಹೊಸಾ ಅಂಗಿ, ಕಿಸೆದಾಗ ಬನ್ನಿ ಎಲಿ. ಎದ್ದು ನನ್ನ ಖುರ್ಚಿ ಬಿಟ್ಟುಕೊಟ್ಟೆ, ಅತ್ತಿ ಆರಾಮ ಖುರ್ಚಿ ಬಿಟ್ರ ಮನ್ಯಾಗ ಇದ್ದದ್ದು ಅದೊಂದ. ಅಪ್ಪ ಕಂಪ್ಯೂಟರ್ ಮುಂದ ಕುಂತ. ಖುರ್ಚಿ ಸಪ್ಪಳ ಕೇಳಿ ಅತ್ತಿ, ನಾನ ಅಂತ ತಿಳದು, ಕಣ್ಣು ಮುಚ್ಚಿಕೊಂಡ ಹೇಳಿದ್ಲು: "ಲೇ, ವ್ಯಾಳ್ಯಾ ಆತು ನೋಡು. ಕಳ್ಳಕವಟಗಿಗೆ ಧಾನ್ಯ ಕಳಸು."

ಅಪ್ಪ ನನ್ನ ಕಡಿ ನೋಡಿದ. ನಾ ನಕಾಶಿಯೊಳಗ ಕಳ್ಳಕವಟಗಿ ಇದ್ದಲ್ಲಿ ಬೊಟ್ಟು ಮಾಡಿದೆ.

"ಕಳಿಸಿದೇನು? ಈ ಸಲನೂ ತಗೊಳ್ಳಂಗಿಲ್ಲ, ಹಟಮಾರಿ ಮಂದಿ. ಆದ್ರೂ ನಾವು ಬಿಡಬಾರದು."

ಅಪ್ಪ ನಕಾಶಿ ಮ್ಯಾಲಿನ ಹೆಸರು ಒಂದೊಂದ ಅಕ್ಷರ ಕೂಡಿಸಿ ಓದಿದ. ಓದಿ ಮುಗಿಸಿ ಮೌಸ್ ಮ್ಯಾಲೆ ಕೈ ಇಟ್ಟ. ಆಮ್ಯಾಲೆ ಕೇಳಿದ: "ಎಲ್ಲಿ ಒತ್ತಬೇಕು?"

ಅತ್ತಿ ಕಣ್ಣು ತೆರೀಲಿಲ್ಲ. ಹತ್ತು ನಿಮಿಷ ಇನ್ನೂ ಆಗಿರಲಿಲ್ಲ. "ಎಡಗಡಿ," ಅಂದ್ಲು. ಸೆರಗು ಸರಿಮಾಡಿಕೊಂಡು, "ಯಾವಾಗ ಬಂದಿ ಅಣ್ಣಾ?" ಅಂದ್ಲು.

"ಈಗ. ಬನ್ನಿ ಕೊಡಾಕ ಬಂದೇನಿ ಅಂತ ತಿಳೀಬ್ಯಾಡ. ಸಣ್ಣಾಕಿ ನೀನು, ನೀನ ಕೊಡಬೇಕು."

"ನನ್ನ ಕಡಿ ಬನ್ನಿ ಎಲ್ಲೈತಿ? ಎಂಟು ದಿವಸಾತು, ಹೊಸ್ತಿಲ ದಾಟಿಲ್ಲ."

ಅಪ್ಪ ಕಿಸೆದಾಗಿನ ಎಲಿ ತಗದು ಆಕಿ ಅಂಗೈಯಾಗ ಇಟ್ಟ. "ಇಕಾ, ಹಿಡಿ. ಈಗ ನನಗ ಕೊಡು."

ಅತ್ತಿ ಆ ಎಲಿ ಬೆರಳಿಲೆ ಮುಟ್ಟಿ ಮುಟ್ಟಿ ನೋಡಿದ್ಲು. ಆಮ್ಯಾಲೆ ಕೈ ಚಾಚಿ ಅವನ ಕೈಯಾಗನ ಇಟ್ಲು. ಕಾಲು ಮುಟ್ಟಾಕ ಬಗ್ಗಿದ್ಲು, ಅಪ್ಪ ರಟ್ಟಿ ಹಿಡದು ನಿಲ್ಲಿಸಿದ. "ಬಗ್ಗಬಾರದಂತಲ್ಲ," ಅಂದ. ಅದು ಅವಗ ಯಾರು ಹೇಳಿದ್ರೋ, ನಾ ಅಂತೂ ಹೇಳಿರಲಿಲ್ಲ.

ಕಳ್ಳಕವಟಗಿದವರು ಆ ವರ್ಷ ಧಾನ್ಯ ತಗೊಂಡ್ರೋ ಬಿಟ್ಟರೋ, ಯಾರೂ ಹೊಳ್ಳಿ ನೋಡಲಿಲ್ಲ. ಹತ್ತು ನಿಮಿಷ ಮುಗಿಯೋದರಾಗ ಅತ್ತಿ ಮುಚ್ಚಿದ ಕಣ್ಣಾಗಿಂದ ನೀರು ಇಳಿಯಾಕತ್ತಿದ್ವು. ಹೊರಗಿನ ನೀರು ತಾಗಿಸಬ್ಯಾಡ್ರಿ ಅಂದಿದ್ರು ಡಾಕ್ಟರ್. ಒಳಗಿಂದು ಬಂದ್ರ ಏನು ಮಾಡಬೇಕು ಅಂತ ನಾನೂ ಕೇಳಿರಲಿಲ್ಲ.