ಕೆಟಲ್ ಕ್ರೀಕಿನ ಸಮಯ ಫಲಕಕ್ಕೆ, ನಮ್ಮ ಯಜಮಾನರ ಕಾರಿನ ಬಾಬತ್ತು

ಕೆಟಲ್ ಕ್ರೀಕ್ ಕಾರು ಓಟದ ನೇರ ಹಾದಿಯ ಕೊನೆಯಲ್ಲಿ ಎರಡು ಕಂಬಗಳ ಮೇಲೆ ವಿರಾಜಮಾನರಾಗಿರುವ ಮಾನ್ಯ ಸಮಯ ಫಲಕದವರೇ,

ಸವಿನಯ ವಂದನೆಗಳು. ಇಂಡಿಯಾನಾದ ಈ ಸುಡುಬಿಸಿಲಿನಲ್ಲೂ ತಾವು ಕ್ಷೇಮವಾಗಿದ್ದೀರಿ, ತಮ್ಮ ಕೆಂಪು ಅಂಕಿಗಳೆಲ್ಲ ಆರೋಗ್ಯವಾಗಿ ಉರಿಯುತ್ತಿವೆ ಎಂದು ನಂಬಿದ್ದೇನೆ. ನಾನು ಆರ್ಡಿತ್ ಸ್ಟಕಿ, ವಯಸ್ಸು ಎಪ್ಪತ್ತೊಂದು, ಶಾಲೆಯ ಅಡುಗೆಮನೆಯಿಂದ ನಿವೃತ್ತಳು, ಈವರೆಗೆ ಯಾರ ಮೇಲೂ ಲಿಖಿತ ದೂರು ಕೊಟ್ಟವಳಲ್ಲ. ಆದರೆ ಆಗಸ್ಟ್ ತಿಂಗಳ ಎರಡನೆಯ ಶನಿವಾರ ತಾವು ನಮ್ಮ ಯಜಮಾನರಾದ ವರ್ಲಿನ್ ಸ್ಟಕಿಯವರ ಬಗ್ಗೆ ಮುನ್ನೂರು ಜನರೆದುರು ಆಳೆತ್ತರದ ಅಂಕಿಗಳಲ್ಲಿ ಹೇಳಿದ ಮಾತನ್ನು ಕುರಿತು ಬರೆಯದೆ ಇದ್ದರೆ ನಮ್ಮ ಮನೆಯಲ್ಲಿ ಊಟ ಗಂಟಲಲ್ಲಿ ಇಳಿಯುವಂತಿಲ್ಲ. ಊರಿನ ವಾರಪತ್ರಿಕೆಯವರು ಇದನ್ನು ಅಚ್ಚು ಹಾಕಲು ಒಪ್ಪಿದ್ದಾರೆ. ತಾವು ಓದದಿದ್ದರೂ ತಮ್ಮನ್ನು ತಂದು ನಿಲ್ಲಿಸಿದವರು ಓದಿಯಾರು.

ತಾವು ಊರಿಗೆ ಹೊಸಬರಾದ್ದರಿಂದ ಕಾರಿನ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಅದು 1969ರದು. ಕಿತ್ತಳೆ ಬಣ್ಣ, ಎರಡೇ ಬಾಗಿಲು, ಎಂಟು ಸಿಲಿಂಡರು, ಬಾನೆಟ್ಟಿನ ಮೇಲೆ ಗಾಳಿ ನುಂಗಲೆಂದು ಒಂದು ಮೂಗು. ತಯಾರಿಸಿದ ಕಂಪನಿಯ ಹೆಸರು ಬರೆದರೆ ಅವರು ಹೆಮ್ಮೆಪಡುತ್ತಾರೋ ವಕೀಲರನ್ನು ಕಳಿಸುತ್ತಾರೋ ತಿಳಿಯದ ಕಾರಣ ಬರೆದಿಲ್ಲ. ನಮ್ಮ ಅಂಗಳದಲ್ಲಿ ಅದು ಶುರುವಾದರೆ ಎದುರಿನ ಚರ್ಚಿನ ಕಪಾಟಿನಲ್ಲಿ ಕಪ್ಪುಗಳು ಗಲಗಲ ಎನ್ನುತ್ತವೆ, ಪಾದ್ರಿಗಳು ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತಾರೆ. ತಿರುವು ಬಂದರೆ ಅದಕ್ಕೆ ತಿರುಗುವ ಮನಸ್ಸಿರುವುದಿಲ್ಲ, ನಿಲ್ಲಬೇಕೆಂದರೆ ಬಹಳ ಮೊದಲೇ ತಿಳಿಸಬೇಕು. ಆದರೆ ನೇರ ರಸ್ತೆಯಲ್ಲಿ, 1971ರ ಜೂನ್ ತಿಂಗಳಲ್ಲಿ, ಅದು ಕಾಲು ಮೈಲಿಯನ್ನು ಹನ್ನೆರಡು ಪಾಯಿಂಟ್ ಆರು ಸೆಕೆಂಡಿನಲ್ಲಿ ಮುಗಿಸಿತ್ತು. ಈ ಅಂಕಿ ಐವತ್ತೆರಡು ವರ್ಷದಿಂದ ನಮ್ಮ ಮನೆಯ ಸದಸ್ಯನಂತಿದೆ. ನಮ್ಮ ಅಳಿಯ ಮೊದಲ ಸಲ ಮನೆಗೆ ಬಂದಾಗ ಅವನಿಗೆ ಕುರ್ಚಿ ತೋರಿಸುವ ಮೊದಲು ಈ ಅಂಕಿಯನ್ನು ಹೇಳಲಾಗಿತ್ತು.

ಆ ಶನಿವಾರ ಯಾವ ಕಾರನ್ನಾದರೂ ತಂದು ಓಡಿಸಬಹುದಾಗಿತ್ತು. ಯಜಮಾನರು ಕಿತ್ತಳೆ ಕಾರನ್ನು ಕಾಲು ಮೈಲಿ ಓಡಿಸಿದರು. ಹೊಗೆ ಎದ್ದಿತು, ಕಿವಿಗಳು ಮುಚ್ಚಿದವು, ಬೇಲಿಯಾಚೆಯ ಹಸುಗಳು ಜಾಗ ಬದಲಾಯಿಸಿದವು. ಹೊಗೆ ಕರಗಿದ ಮೇಲೆ ತಾವು ಬಾಯಿಬಿಟ್ಟಿರಿ: 15.82.

ಮೇವಿನ ಅಂಗಡಿಯ ಓರಿನ್ ಬೋಂಟ್ರೇಗರ್, ಅರವತ್ತು ವರ್ಷಗಳಿಂದ ಯಜಮಾನರ ಗೆಳೆಯ, ಮಡಿಸುವ ಕುರ್ಚಿಯಿಂದ ಏಳದೆಯೇ ಕೇಳಿದರು: “ವರ್ಲಿನ್, ಮಧ್ಯೆ ಎಲ್ಲಾದ್ರೂ ಕಾಫಿಗೆ ಇಳಿದಿದ್ಯೇನೋ?”

ಅಷ್ಟರಲ್ಲಿ ನಮ್ಮ ಪಾದ್ರಿಗಳ ವ್ಯಾನು, ಹಿಂದೆ ಚರ್ಚಿನ ಗಾಯನ ಮಂಡಳಿಯ ಹನ್ನೆರಡು ಕುರ್ಚಿಗಳನ್ನು ಹೊತ್ತುಕೊಂಡೇ ಓಡಿತು. ಅದಕ್ಕೆ ತಾವು 15.60 ದಯಪಾಲಿಸಿದಿರಿ. ಯಜಮಾನರಿಗೆ ತಾವು ಕೆಟ್ಟಿದ್ದೀರೆಂದು ಖಾತ್ರಿಯಾಯಿತು. ಅದನ್ನು ಸಾಬೀತುಪಡಿಸಲು ಅವರು ನನ್ನ ಕಾರನ್ನು ಆರಿಸಿಕೊಂಡರು. ನನ್ನದು ದಿನಸಿ ತರುವ ಬೂದು ಬಣ್ಣದ ನಾಲ್ಕು ಬಾಗಿಲಿನ ಕಾರು, ಅದರ ಬಣ್ಣ ನನಗೇ ಕೆಲವು ಸಲ ಮರೆತುಹೋಗುತ್ತದೆ. ಅದು ಇಪ್ಪತ್ತು ಸೆಕೆಂಡಿನ ಕೆಳಗೆ ಬಂದರೆ ಫಲಕ ಕೆಟ್ಟಿದೆಯೆಂದೇ ಅರ್ಥ ಎಂದು ಅವರು ಎಲ್ಲರಿಗೂ ಕೇಳುವಂತೆ ಸಾರಿದರು. ನಾನು ಬೇಡವೆಂದೆ. “ಆರ್ಡಿತ್, ಕಾಲು ಪೂರ್ತಿ ಒತ್ತು, ಮೊಟ್ಟೆ ತುಳಿಯೋ ಹಾಗೆ ಒತ್ಬೇಡ” ಎಂದರು. ಹಿಂದಿನ ಸೀಟಿನಲ್ಲಿ ಮಧ್ಯಾಹ್ನದ ಊಟಕ್ಕೆಂದು ಮಾಡಿದ ಆಲೂಗಡ್ಡೆ ಸಲಾಡಿನ ಬೋಗುಣಿ ಇತ್ತು. ಅದಕ್ಕೆ ಬೆಲ್ಟ್ ಹಾಕಿ ಹೊರಟೆ. ರೇಡಿಯೋದಲ್ಲಿ ಜೋಳದ ಧಾರಣೆ ಹೇಳುತ್ತಿದ್ದರು, ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ಸಲಾಡ್ ಒಂದು ಚಮಚವೂ ಚೆಲ್ಲಲಿಲ್ಲ. ತಾವು 14.91 ಎಂದಿರಿ.

ಯಜಮಾನರ ಷರತ್ತಿನ ಪ್ರಕಾರ ತಾವು ಕೆಟ್ಟಿರಬೇಕಿತ್ತು, ಆದರೆ ನನ್ನ ವೇಗವನ್ನು ಅವರೂ ಕಣ್ಣಾರೆ ಕಂಡಿದ್ದರು. ತಮ್ಮ ಸತ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಯಾರ ಕಾರು, ಎಷ್ಟು ವರ್ಷದ ಕಥೆ, ಮನೆಗೆ ಹೋದಮೇಲೆ ಯಾರ ಗತಿ ಏನು ಎಂದು ತಾವು ಕ್ಷಣವೂ ಯೋಚಿಸಲಿಲ್ಲ. ಹೋಗುವಾಗ ಒಂದೇ ಕಾರಿನಲ್ಲಿ ಹೋಗಿದ್ದರೆ ಬರುವಾಗಲಾದರೂ ಮಾತಾಡಬೇಕಾಗುತ್ತಿತ್ತು, ಆದರೆ ಎರಡು ಕಾರುಗಳಿದ್ದವು. ಯಜಮಾನರು ಕಿತ್ತಳೆ ಕಾರಿಗೆ ಟಾರ್ಪಾಲು ಹೊದಿಸಿ ಒಳಗೆ ಬಂದರು. ಮರುದಿನ ಊಟದ ಮೇಜಿನಲ್ಲಿ, ತಟ್ಟೆಯನ್ನು ನೋಡುತ್ತಲೇ, “ಅಷ್ಟೊಂದು ಒತ್ಬೇಕಾಗಿತ್ತಾ?” ಎಂದರು.

“ನೀನೇ ಹೇಳಿದ್ದು,” ಎಂದೆ.

“ನಾನು ಹೇಳಿದ್ದನ್ನೆಲ್ಲ ಯಾವತ್ತು ಕೇಳಿದೀಯ ನೀನು?”

ಸೋಮವಾರ ಕಾರಿನ ಗಾಜಿನ ಮೇಲೆ ‘ಮಾರಾಟಕ್ಕಿದೆ’ ಎಂಬ ರಟ್ಟು ಬಂತು. ಹಾರ್ಡ್‌ವೇರ್ ಅಂಗಡಿಯಲ್ಲಿ ಗೆಳೆಯರೊಂದಿಗೆ ಕುಡಿಯುವ ಬೆಳಗಿನ ಕಾಫಿಗೆ ಅವರು ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ. ತಾವು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ದಿನವೂ ಆ ಕಾಫಿ ತಪ್ಪಿಸದ ಮನುಷ್ಯ, ಎದೆಯ ಆಪರೇಷನ್ ಆದ ಹನ್ನೊಂದನೆಯ ದಿನ ಅಲ್ಲಿ ಹಾಜರಿದ್ದ ಮನುಷ್ಯ, ಕಿಟಕಿಯ ಪಕ್ಕ ಕೂತು ಟಾರ್ಪಾಲನ್ನು ನೋಡುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಆಗ ಈ ಪತ್ರದ ಮೊದಲ ಪ್ರತಿ ಬರೆದೆ. ಸೆಕೆಂಡುಗಳ ಪಕ್ಕದಲ್ಲಿ ತಾವು ಇನ್ನೂ ಕೆಲವು ಅಂಕಣ ತೆರೆಯಬೇಕು, ಅಲುಗಿದ ಕಪ್ಪುಗಳ ಸಂಖ್ಯೆ, ನಿಮಿರಿದ ರೋಮಗಳ ಸಂಖ್ಯೆ, ಕಾರು ಹೋದ ಮೇಲೂ ತಿರುಗಿ ನೋಡಿದವರ ಸಂಖ್ಯೆ ದಾಖಲಿಸಬೇಕು, ಆ ಲೆಕ್ಕದಲ್ಲಿ ನನ್ನ ಬೂದು ಕಾರಿಗೆ ದೊಡ್ಡ ಸೊನ್ನೆ ಕೊಡಬೇಕು ಎಂದೆಲ್ಲ ಕೋರಿದ್ದೆ. ಬರೆದು ಮುಗಿಸಿದಾಗ ನನಗೇ ನಾಚಿಕೆಯಾಯಿತು. ಏಕೆಂದರೆ, ಮಾನ್ಯರೇ, 1971ರಲ್ಲಿ ತಮ್ಮ ಹುದ್ದೆಯಲ್ಲಿದ್ದವಳು ನಾನು.

ಆಗ ಕಂಬವಿರಲಿಲ್ಲ, ಒಂದು ಹುಲ್ಲಿನ ಕಟ್ಟು ಇತ್ತು. ಅದರ ಮೇಲೆ ನನ್ನ ಚಿಕ್ಕಪ್ಪನ ಸ್ಟಾಪ್‌ವಾಚ್ ಮತ್ತು ದುರ್ಬೀನು ಹಿಡಿದು ಹತ್ತೊಂಬತ್ತು ವರ್ಷದ ನಾನು ನಿಂತಿದ್ದೆ. ಆಚೆ ತುದಿಯಲ್ಲಿ ಓರಿನ್ ಕರವಸ್ತ್ರ ಕೆಳಗಿಳಿಸಿದ ಕೂಡಲೇ ಗುಂಡಿ ಒತ್ತಬೇಕಾಗಿತ್ತು. ನಾನು ಕರವಸ್ತ್ರವನ್ನು ನೋಡುತ್ತಿರಲಿಲ್ಲ. ದುರ್ಬೀನಿನಲ್ಲಿ, ಕಾರಿನ ಗಾಜಿನ ಹಿಂದೆ, ವರ್ಲಿನ್ ಕಾಣುತ್ತಿದ್ದ, ಕಷ್ಟದ ಲೆಕ್ಕ ಮಾಡುವವನ ಹಾಗೆ ನಾಲಿಗೆಯ ತುದಿ ಕಚ್ಚಿಕೊಂಡಿದ್ದ. ನನಗೆ ಗುಂಡಿಯ ನೆನಪಾಗುವಷ್ಟರಲ್ಲಿ ಕಾರು ಹೊರಟುಹೋಗಿತ್ತು. ಕೊನೆಯಲ್ಲಿ ಮಾತ್ರ ಸರಿಯಾಗಿ ಒತ್ತಿದೆ. 12.6 ಬಂತು, ಎಲ್ಲರೂ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವನು ಸಿನಿಮಾಕ್ಕೆ ಕರೆದ. ಆಮೇಲೆ ಮದುವೆಯಾಯಿತು, ಮಕ್ಕಳಾದರು, ಹೇಳುವುದು ಸಭ್ಯತೆಯಲ್ಲ ಎನಿಸಿತು.

ಬುಧವಾರ ಬೆಳಿಗ್ಗೆ ಜಗಲಿಯಲ್ಲಿ ಇಬ್ಬರೂ ಜೋಳದ ತೆನೆ ಸುಲಿಯುತ್ತಿದ್ದಾಗ ಹೇಳಿಬಿಟ್ಟೆ.

ಅವರು ತೆನೆಯ ಸಿಪ್ಪೆ ಎಳೆಯುತ್ತಲೇ, “ಎಷ್ಟು ತಡ ಒತ್ತಿದೆ?” ಎಂದರು.

“ಎರಡು ಸೆಕೆಂಡು. ಸ್ವಲ್ಪ ಹೆಚ್ಚೇ ಇರಬಹುದು.”

“ಏನು ನೋಡ್ತಾ ಇದ್ದೆ?”

“ನಿನ್ನ.”

ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟರು. ಐವತ್ತೊಂದು ವರ್ಷದ ಸಂಸಾರ ಮುಗಿಯಿತೇನೋ ಅಂದುಕೊಂಡೆ. “ಇನ್ನೊಂದು ಸಲ ಹೇಳು,” ಎಂದರು. ಹೇಳಿದೆ. ಎದ್ದುಹೋಗಿ ರಟ್ಟು ಕಿತ್ತು, ಟಾರ್ಪಾಲು ಎಳೆದು, ಚರ್ಚಿನ ಕಪ್ಪುಗಳನ್ನೆಲ್ಲ ಎಬ್ಬಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದರು.

ನನ್ನ ನಿಜವಾದ ದೂರು ಶುರುವಾಗುವುದು ಇಲ್ಲಿಂದ. ತನ್ನನ್ನು ನೋಡುತ್ತಾ ಒಬ್ಬ ಹುಡುಗಿ ಎರಡು ಸೆಕೆಂಡು ಲೋಕವನ್ನೇ ಮರೆತಿದ್ದಳು, ಯಾರ ಕಾರು ಇಂಥ ಕೆಲಸ ಮಾಡಿದೆ, ಓರಿನ್ನನ ಹೊಸ ಕರೆಂಟು ಕಾರಿಗೆ ಇದು ಸಾಧ್ಯವೇ ಎಂದು ಅವರು ಈಗ ಊರೆಲ್ಲ ಕೇಳುತ್ತಿದ್ದಾರೆ. ಶುಕ್ರವಾರದ ಹೊತ್ತಿಗೆ ಎರಡು ಸೆಕೆಂಡು ಮೂರಾಯಿತು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ನಾನು ಪಕ್ಕದಲ್ಲೇ ನಿಂತಿದ್ದಾಗ, ಐದಾಯಿತು. ಹನ್ನೆರಡು ಪಾಯಿಂಟ್ ಆರಕ್ಕೆ ಐದು ಕೂಡಿಸಿದರೆ ಏನಾಗುತ್ತದೆಂದು ಓರಿನ್ ಕೇಳಿದರು. ಹದಿನೇಳು ಪಾಯಿಂಟ್ ಆರು ಎಂದು ಯಜಮಾನರು ಎದೆಯುಬ್ಬಿಸಿ ಹೇಳಿದರು. ತಾವು ಕೊಟ್ಟ 15.82ಕ್ಕೆ ಬೆಳಗಿನ ಕಾಫಿ ಬಿಟ್ಟ ಮನುಷ್ಯ ತಾನು 1971ರಲ್ಲೇ ಅದಕ್ಕಿಂತ ನಿಧಾನವಾಗಿದ್ದೆನೆಂದು ಊರಿಗೆಲ್ಲ ಸಾರುತ್ತಿದ್ದಾರೆ, ಪ್ರತಿ ಸಲ ಹೇಳುವಾಗಲೂ ನನ್ನ ಕಡೆ ತಿರುಗಿ ನೋಡುತ್ತಾರೆ.

ಆದ್ದರಿಂದ ತಾವು ದಯಮಾಡಿ 1971ರ ಜೂನ್ ತಿಂಗಳಿಗೆ ಹೋಗಿ, ಆ ಹುಲ್ಲಿನ ಕಟ್ಟಿನ ಮೇಲೆ ನಿಂತಿದ್ದ ಹುಡುಗಿ ಎಷ್ಟು ಹೊತ್ತು ನೋಡಿದಳೆಂದು ದಶಾಂಶದ ಸಮೇತ ಅಳೆದು ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ. ಐದಕ್ಕಿಂತ ಹೆಚ್ಚು ಬಂದರೆ ಯಜಮಾನರಿಗೆ ಮಾತ್ರ ತಿಳಿಸಬಾರದು.

ಸೆಕೆಂಡಿನ ನೂರರಲ್ಲೊಂದು ಭಾಗದಷ್ಟೂ ಕುಂದದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಆರ್ಡಿತ್ ಸ್ಟಕಿ

ಮರೆತ ಮಾತು: ಓಟದ ಹಾದಿಯ ಇನ್ನೊಂದು ತುದಿಯಲ್ಲಿ, ಚಾಲಕರ ವಯಸ್ಸನ್ನೂ ತೋರಿಸುವ ಮತ್ತೊಂದು ಫಲಕ ನಿಲ್ಲಿಸುವ ಆಲೋಚನೆ ಓಟದ ಸಮಿತಿಗೆ ಇದೆಯೆಂದು ಕೇಳಿದೆ. ನಮ್ಮ ಮಹಿಳಾ ಹೊಲಿಗೆ ಸಂಘ ಅದಕ್ಕೊಂದು ದಪ್ಪ ಪರದೆ ಹೊಲಿದುಕೊಡಲು ಸರ್ವಾನುಮತದಿಂದ ತೀರ್ಮಾನಿಸಿದೆ. ಅಳತೆ ಕಳಿಸಿದರೆ ಸಾಕು, ಪರದೆ ಎತ್ತುವ ಹಗ್ಗ ಮಾತ್ರ ನಮ್ಮ ಕೈಯಲ್ಲೇ ಇರುತ್ತದೆ.