ಅವರೆಕಾಳಷ್ಟು ಪೇಸ್ಟು

ಹುಣಸೂರಿನ ಚೆಲುವರಾಜುವಿನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಶುರುವಾದರೆ ಸಾಕು, ರಾಗಿ ಮಿಲ್ಲಿನಷ್ಟು ಸದ್ದು. ಅಂಗಡಿಯ ಹಿಂದಿನ ಕೋಣೆಯೇ ಮನೆ. ಹೋದ ವಾರ ಹೆಂಡತಿ ರಮ್ಯ ಬಾಣಂತನ ಮುಗಿಸಿ, ಮೂರು ತಿಂಗಳ ಮಗಳನ್ನೆತ್ತಿಕೊಂಡು ಹನಗೋಡಿನ ತವರಿನಿಂದ ಬಂದಿದ್ದಳು. ಜೊತೆಗೆ ಬಂದಿದ್ದ ಅತ್ತೆ ಚಾಮುಂಡಮ್ಮ ಇವತ್ತು ಬೆಳಿಗ್ಗೆ ಬ್ಯಾಗಿಗೆ ಬಟ್ಟೆ ತುಂಬತೊಡಗಿದರು.

"ಅಳಿಯಂದ್ರೆ, ಈ ಗಲಾಟೇಲಿ ಕೂಸು ಎಂಗೆ ಮಲಗ್ತದೆ? ಮಧ್ಯಾನ್ನದೊಳಗೆ ಈ ಕಂಪ್ಯೂಟರು ಬಾಯ್ ಮುಚ್ಚದಿದ್ರೆ ಇಬ್ಬರ್ನೂ ಹನಗೋಡಿಗೆ ಕರ್ಕೊಂಡೋಯ್ತೀನಿ."

ಮೂರು ತಿಂಗಳು ಮಗಳನ್ನು ಫೋನಿನಲ್ಲೇ ನೋಡಿಕೊಂಡಿದ್ದವನು ಕೂಡಲೇ ಕಂಪ್ಯೂಟರಿನ ಪ್ಲಗ್ಗು ಕಿತ್ತ. ಕೂಸಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ.

ಪಕ್ಕದ ಮೊಬೈಲ್ ಅಂಗಡಿಯ ಗೆಳೆಯ ಮುಜಾಮಿಲ್ ಪ್ರೊಸೆಸರ್ ತಣ್ಣಗಿಡುವ ಹೊಸ ಕೂಲರ್ ಫ್ಯಾನು ತಂದು, ಕಂಪ್ಯೂಟರಿನ ಹಳೆಯದನ್ನು ಬಿಚ್ಚಿದ. ಅಡಿಯಲ್ಲಿ ಬೂದು ಬಣ್ಣದ ಪೇಸ್ಟು ಗೋಡೆಯ ಸುಣ್ಣದಂತೆ ಒಣಗಿತ್ತು.

"ನೋಡ್ಲಾ, ಇದು ಒಣಗೋದ್ರೆ ಪ್ರೊಸೆಸರ್ ಬಿಸಿ ಮೇಲಕ್ಕೆ ಬರಲ್ಲ. ಫ್ಯಾನು ಸುಮ್ನೆ ಅರಚ್ಕೋತದೆ. ಸ್ಪಿರಿಟ್ ಹಾಕಿ ಒರೆಸು."

ಚೆಲುವರಾಜು ಗಸಗಸ ತಿಕ್ಕಿದ. ಬಾಗಿಲಲ್ಲಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಪಾತ್ರೆ ತಿಕ್ಕಿದಂಗೆ ತಿಕ್ತಾರಾ? ಕೂಸಿನ ಕಣ್ಣು ಒರೆಸ್ದಂಗೆ ಒರೆಸ್ಬೇಕು" ಎಂದು ಕೂಸಿಗಾಗಿ ಹರಿದಿಟ್ಟಿದ್ದ ಹಳೇ ಸೀರೆಯ ತುಂಡೊಂದನ್ನು ಕೊಟ್ಟರು.

"ಈಗ ಪ್ರೊಸೆಸರ್ ನಡುಮಧ್ಯ ಅವರೆಕಾಳಷ್ಟು ಹೊಸ ಪೇಸ್ಟು ಇಡು" ಎಂದ ಮುಜಾಮಿಲ್.

"ಹಸಿ ಅವರೆಯೋ, ಒಣಗಿದ್ದೋ?" ಎಂದರು ಅತ್ತೆ.

ಜೆರಾಕ್ಸಿಗೆ ಬಂದಿದ್ದ ಎದುರುಮನೆಯ ಮಂಟಯ್ಯ, "ಹಸೀದೇ ಇರ್ಲಿ ಬುಡಪ್ಪ, ಯಾಕೆ ಜಿಪುಣತನ" ಎಂದು ತೀರ್ಪು ಕೊಟ್ಟ. ಕೂಲರ್ ಒತ್ತಿದ್ದೇ ಪೇಸ್ಟು ನಾಲ್ಕೂ ಕಡೆ ಉಕ್ಕಿತು. ಮತ್ತೆ ಸ್ಪಿರಿಟ್ಟು, ಮತ್ತೆ ಸೀರೆ ತುಂಡು. ಎರಡನೇ ಸಲ ಒಣ ಅವರೆಯಷ್ಟೇ ಇಟ್ಟರು.

ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಚೆಲುವರಾಜು ಗೆದ್ದವನಂತೆ ಅತ್ತೆಯ ಮುಖ ನೋಡಿದ. ರಮ್ಯ ಮಗಳಿಗೆ ನೀರು ಹಾಕಿ, ಹಾಲು ಕುಡಿಸಿ ತೊಟ್ಟಿಲಲ್ಲಿ ಮಲಗಿಸಿದಳು.

ಕೂಸು ಕಣ್ಣರಳಿಸಿ ಸೂರು ನೋಡಿತು. ಆಮೇಲೆ ತುಟಿ ಸೊಟ್ಟ ಮಾಡಿ, ಬೀದಿಗೆಲ್ಲ ಕೇಳುವಂತೆ ಅಳತೊಡಗಿತು. ಜೋಗುಳ ಹಾಡಿದ್ದಾಯಿತು, ಗಿಲಕಿ ಆಡಿಸಿದ್ದಾಯಿತು, ಮಂಟಯ್ಯ ಕೋತಿಯಂತೆ ಕುಣಿದದ್ದೂ ಆಯಿತು. ಗಂಟೆ ಹನ್ನೆರಡೂವರೆ.

"ಈ ಮನೆ ಕೂಸಿಗೆ ಒಗ್ಗಾಕಿಲ್ಲ" ಎಂದು ಚಾಮುಂಡಮ್ಮ ಬ್ಯಾಗು ಎತ್ತಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಚೆಲುವರಾಜು ಮಗಳ ಪುಟ್ಟ ಟೋಪಿ ಹಿಡಿದು ನಿಂತ. ಅವನಿಗೆ ಅಳುವೇ ಬಂದಿತ್ತು.

ಅತ್ತ ಮುಜಾಮಿಲ್, ಹಳೇ ಫ್ಯಾನು ಪೂರ್ತಿ ಕೆಟ್ಟಿದೆಯೋ ಏನೋ ಎಂದು ಅದರ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಟೇಬಲ್ ಮೇಲೆ ಅದು ಘರ್ರೆಂದಿತು.

ಅಳು ನಿಂತಿತು. ಕೂಸು ಒಮ್ಮೆ ಬಿಕ್ಕಿ, ಬೆರಳು ಚೀಪುತ್ತ ಕಣ್ಣು ಮುಚ್ಚಿತು. ಮುಜಾಮಿಲ್ ವೈರು ಕಿತ್ತ. ಕೂಸು ಕಣ್ಣು ಬಿಟ್ಟಿತು. ಮತ್ತೆ ಸಿಕ್ಕಿಸಿದ, ಮಲಗಿತು. ವಾರದಿಂದ ದಿನವೂ ಅದು ಆ ಸದ್ದಿನಲ್ಲೇ ಗಡದ್ದಾಗಿ ಮಲಗುತ್ತಿತ್ತಲ್ಲವೇ ಎಂಬುದು ರಮ್ಯಳಿಗೆ ಆಗ ಹೊಳೆಯಿತು.

ಚಾಮುಂಡಮ್ಮ ಬ್ಯಾಗು ಕೆಳಗಿಟ್ಟು, ಯಾವುದನ್ನೂ ತಣ್ಣಗೆ ಮಾಡದೆ ಅರಚುತ್ತಿದ್ದ ಫ್ಯಾನನ್ನು ತಾವೇ ತೊಟ್ಟಿಲ ಕಡೆಗೆ ತಿರುಗಿಸಿದರು.

"ಅತ್ತೆ, ಹಂಗಾದ್ರೆ ಹೊಸ ಕೂಲರು..." ಎಂದು ಚೆಲುವರಾಜು ಆ ಗದ್ದಲದ ಮೇಲೆ ದನಿಯೆತ್ತಿದ.

ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗೆ ಅಳಿಯಂದ್ರೆ. ನಿಮ್ ಸದ್ದಿಗೆ ಕೂಸು ಎದ್ದುಬುಡ್ತದೆ."